ಚಪ್ಪಾಳೆ ತಟ್ಟಿದ ಊರು

ಲಿಯೊಕೇಡಿಯಾ ನಾಲ್ವೋಗ ಎಂದು ಅವಳನ್ನು ಪೂರ್ತಿ ಹೆಸರಿನಿಂದ ಕರೆಯುತ್ತಿದ್ದವರು ಕಿತಾಬಜ್ಜಿ ಎಂಬ ನಮ್ಮ ಊರಿನಲ್ಲಿ ಪಾದ್ರಿಗಳೊಬ್ಬರೇ. ಉಳಿದವರಿಗೆಲ್ಲ ಅವಳು ಸೆಂಗಾ, ಅಂದರೆ ಸೋದರತ್ತೆ. ನಮ್ಮಲ್ಲಿ ಹೆತ್ತ ತಾಯಿ ಮಗಳೊಂದಿಗೆ ಗಂಡಸಿನ ಮಾತೆತ್ತುವಂತಿಲ್ಲ. ಮದುವೆಗೆ ಮುಂಚೆ ಹುಡುಗಿಯನ್ನು ಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು ಎಲ್ಲವನ್ನೂ ತಿಳಿಸಿಕೊಡುವುದು ಅಪ್ಪನ ಅಕ್ಕತಂಗಿಯರ ಕೆಲಸ. ಲಿಯೊಕೇಡಿಯಾ ಅದರಲ್ಲಿ ಎಷ್ಟು ಪಳಗಿದ್ದಳೆಂದರೆ, ಸ್ವಂತ ಸೆಂಗಾ ಇಲ್ಲದ ಹುಡುಗಿಯರನ್ನೂ ಇದ್ದೂ ಬಾಯಿ ಸಾಲದವರ ಮನೆಯ ಹುಡುಗಿಯರನ್ನೂ ಸುತ್ತಲಿನ ಊರುಗಳಿಂದ ಅವಳ ಬಳಿಗೇ ಕಳುಹಿಸುತ್ತಿದ್ದರು. ಅವಳು ಯಾವುದನ್ನೂ ಹೆಸರು ಹಿಡಿದು ಹೇಳುತ್ತಿರಲಿಲ್ಲ. ಒನಕೆ, ಒಲೆ, ಬಾಳೆತೋಟ, ಮಳೆ ಎನ್ನುತ್ತಲೇ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿ, ಮುಖ ಮುಚ್ಚಿಕೊಂಡು ನಗುತ್ತಿದ್ದ ಹುಡುಗಿಯ ಬೆನ್ನಿಗೊಂದು ಗುದ್ದು ಕೊಟ್ಟು ಹೊರಗೆ ಅಟ್ಟುತ್ತಿದ್ದಳು. ಊರು ಮೆಚ್ಚಿದ ಆ ನಾಲಗೆಯಿಂದಲೇ ಅವಳು ಕೆಟ್ಟಳು.

ಸನ್ಯಾಸಿನಿಯರ ಶಾಲೆಯಲ್ಲಿ ಕಲಿತದ್ದರಿಂದ ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಹಾಗಾಗಿ ಉತ್ತರದ ಯಾವುದೋ ಚಳಿದೇಶದವರು ಬಂದು ಊರಂಚಿನಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿದಾಗ, ಅವರ ಮಾತನ್ನು ನಮಗೂ ನಮ್ಮ ಮಾತನ್ನು ಅವರಿಗೂ ದಾಟಿಸುವ ಕೆಲಸ ತಾನಾಗಿ ಅವಳ ಪಾಲಿಗೆ ಬಂತು. ಆಸ್ಪತ್ರೆ ಚಿಕ್ಕದು. ಒಬ್ಬಳು ಸೂಲಗಿತ್ತಿ ನರ್ಸು, ಒಂದು ಜನರೇಟರು, ಲಸಿಕೆಯ ಪೆಟ್ಟಿಗೆ. ಅಷ್ಟು ಬಂದದ್ದೇ ನಮ್ಮ ಹೆಂಗಸರಿಗೆ ಸ್ವರ್ಗ ಬಂದ ಹಾಗಾಗಿತ್ತು. ಆ ದೇಶದ ಕಡೆಯಿಂದ ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದವಳು ಮಾರಿಟ್. ಉದ್ದನೆಯ ಹೆಂಗಸು, ಒಳ್ಳೆಯ ಮನಸ್ಸಿನವಳು. ನಮ್ಮ ಹೆಂಗಸರು ಮೊಣಕಾಲೂರಿ ನಮಸ್ಕರಿಸುವುದನ್ನು ಕಂಡು ತಾನೂ ಮಣ್ಣಿನಲ್ಲಿ ಮೊಣಕಾಲೂರುತ್ತಿದ್ದಳು. ಮತ್ತೆ ಏಳಲು ಇಬ್ಬರು ಕೈ ಹಿಡಿಯಬೇಕಾಗುತ್ತಿತ್ತು.

ಮಸಾಕಾ ಪಟ್ಟಣದಿಂದ ಲಸಿಕೆಯ ಪೆಟ್ಟಿಗೆಯನ್ನು ಮೋಟರ್‌ಸೈಕಲ್ ಮೇಲೆ ತರುತ್ತಿದ್ದವನು ಕಿಜ್ಜಾ, ಲಿಯೊಕೇಡಿಯಾಳ ತಮ್ಮ ಕವುಮನ ಮಗ. ತಾಯಿ ಸತ್ತ ಮೇಲೆ ಮಕ್ಕಳಿಲ್ಲದ ವಿಧವೆ ಲಿಯೊಕೇಡಿಯಾಳೇ ಅವನನ್ನು ಸಾಕಿದಳು. ಅವನಿಗೆ ಹೆಣ್ಣಿನ ಮೇಲೆ ಮನಸ್ಸಿಲ್ಲ ಎಂಬುದು ಅವನಿಗಿಂತ ಮೊದಲೇ ಅವಳಿಗೆ ತಿಳಿದಿತ್ತು. ಗಂಡುಹೆಣ್ಣಿನ ವಿಷಯವನ್ನೇ ಕಸುಬು ಮಾಡಿಕೊಂಡವಳಿಗೆ ಅಷ್ಟೂ ತಿಳಿಯದೆ? ತಿಳಿದೂ ತಿಳಿಯದವಳಂತೆ ಇದ್ದಳು. ಒಂದು ದಿನ ಬಟಾಣಿ ಬಿಡಿಸುತ್ತ ಕೂತಿದ್ದಾಗ ಅವನೇ ಬಾಯಿ ಬಿಟ್ಟ. ಬಿಟ್ಟದ್ದು ಇಂಗ್ಲಿಷಿನಲ್ಲಿ.

"ನಮ್ಮ ಮಾತಲ್ಲಿ ಹೇಳೋ, ಯಾಕೆ ದೊರೆ ಥರ ಆಡ್ತೀಯಾ?" ಎಂದಳು.

"ನಮ್ಮ ಮಾತಲ್ಲಿ ಅದಕ್ಕಿರೋದು ಒಂದೇ ಪದ ಸೆಂಗಾ, ಅದು ಬೈಗುಳ. ಇಂಗ್ಲಿಷಲ್ಲಿ ನನ್ನನ್ನ ಯಾರೂ ಇನ್ನೂ ಬೈದಿಲ್ಲ. ಮಾರಿಟಮ್ಮನಿಗೂ ಹೇಳಿದೀನಿ. ಅವರು ನನ್ನನ್ನ ತಬ್ಕೊಂಡು ಅತ್ರು."

ಲಿಯೊಕೇಡಿಯಾ ಅಳಲಿಲ್ಲ. "ಅವಳು ಅತ್ತು ಊರಿಗೆ ಹೋಗ್ತಾಳೆ. ನೀನು ಇಲ್ಲೇ ಇರೋನು. ಇನ್ನೊಬ್ಬರಿಗೆ ಹೇಳಿದ್ಯೋ, ನಾಲಗೆ ಕಿತ್ತಿಡ್ತೀನಿ" ಎಂದಳು. ಅವತ್ತಿನಿಂದ ಅವಳಿಗೆ ಇದ್ದದ್ದು ಒಂದೇ ಚಿಂತೆ. ಈ ಹುಡುಗ ಈ ಊರಿನಲ್ಲಿ ಜೀವಸಹಿತ ಇರಬೇಕು, ಅಷ್ಟೇ.

ಮುಂದಿನ ಸಲ ಮಾರಿಟ್ ಬಂದಾಗ ಜೊತೆಗೆ ಕ್ಯಾಮೆರಾದವನೂ ಬಂದಿದ್ದ. ಮಾವಿನ ಮರದಡಿ ಹೆಂಗಸರನ್ನೆಲ್ಲ ಕೂರಿಸಿ ಮಾರಿಟ್ ಮಾತಾಡಿದಳು. ಆಸ್ಪತ್ರೆ ಎಲ್ಲರದೂ ಅಂದಳು, ಬಡವರದು, ಅಂಗವಿಕಲರದು ಅಂದಳು. ಕೊನೆಗೆ, ಗಂಡಸನ್ನು ಪ್ರೀತಿಸುವ ಗಂಡಸೂ ಹೆಂಗಸನ್ನು ಪ್ರೀತಿಸುವ ಹೆಂಗಸೂ ಇಲ್ಲಿಗೆ ಹೆದರದೆ ಬರುವಂತಾಗಬೇಕು, ಒಪ್ಪುತ್ತೀರಾ ಎಂದು ಕೇಳಿದಳು. ಕೇಳಿ, ಅನುವಾದಕ್ಕಾಗಿ ಲಿಯೊಕೇಡಿಯಾಳ ಮುಖ ನೋಡಿದಳು.

ಅತ್ತ ದರಿ, ಇತ್ತ ಪುಲಿ. ಆ ಒಂದು ಪದವನ್ನು ಆಡಿದರೆ ಮಾವಿನ ಮರದಡಿಯಲ್ಲೇ ಕಲ್ಲುಗಳು ಹಾರುತ್ತವೆ, ಆಸ್ಪತ್ರೆಯೂ ಹೋಗುತ್ತದೆ. ಆಚೆ ಕಿಜ್ಜಾ ಲಸಿಕೆ ಪೆಟ್ಟಿಗೆ ಹಿಡಿದು ನಿಂತಿದ್ದಾನೆ. ಲಿಯೊಕೇಡಿಯಾ ಗಂಟಲು ಸರಿಮಾಡಿಕೊಂಡು, ಹುಡುಗಿಯರಿಗೆ ಹೇಳುವ ಧಾಟಿಯಲ್ಲೇ ಹೇಳಿದಳು: "ಮದುವೇಲಿ ಸುಖ ಕಾಣದೆ ಇರೋರೂ ಇಲ್ಲಿಗೆ ಬರಬಹುದಂತೆ. ಯಾರೂ ಅವರನ್ನ ಆಡ್ಕೋಬಾರದಂತೆ. ಒಪ್ಪಿಗೆನಾ?"

ಸ್ಪೆಸಿಯೋಜಾ ಎಂಬ ಗಯ್ಯಾಳಿ ಮೊದಲು ನಕ್ಕಳು. "ಹಂಗಾದ್ರೆ ಊರಿಗೂರೇ ಬಂದು ಸಾಲು ನಿಲ್ತದೆ ಸೆಂಗಾ! ಮೊದಲು ನನ್ನ ಹೆಸರು ಬರ್ಕೊಳ್ಳಿ!"

ಹೆಂಗಸರು ಬಿದ್ದು ಬಿದ್ದು ನಕ್ಕರು, ಕೂಗು ಹಾಕಿದರು, ಚಪ್ಪಾಳೆ ತಟ್ಟಿದರು. ಮಾರಿಟ್‌ಳ ಕಣ್ಣಲ್ಲಿ ನೀರು. ಇಂಗ್ಲಿಷ್ ಬಲ್ಲ ಲುಬ್ವಾಮ ಮೇಷ್ಟರೂ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ಅವರಿಗೆ ಎರಡೂ ಮಾತು ಅರ್ಥವಾಗಿತ್ತು. ಆದರೆ ಅವರ ಹೆಂಡತಿಗೆ ಆಗ ಎಂಟು ತಿಂಗಳು ತುಂಬಿತ್ತು. ಮೇಷ್ಟರೂ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಸಮುದ್ರ ದಾಟಿತು. ಚಳಿದೇಶದವರು ಅದನ್ನು ಚಿಕ್ಕ ಸಿನಿಮಾ ಮಾಡಿ, ಆಫ್ರಿಕಾದಲ್ಲೂ ಇಂಥದ್ದೊಂದು ಊರಿದೆ, ಸಲಿಂಗಿಗಳಿಗೆ ಬಾಗಿಲು ತೆರೆದಿದೆ, ನಮ್ಮ ಹಣ ಸಾರ್ಥಕವಾಯಿತು ಎಂದು ಬರೆದು ಹಾಕಿದರು. ಆಮೇಲೆ ರಾಜಧಾನಿ ಕಂಪಾಲಾದಲ್ಲಿ, ಅಂಥವರನ್ನು ಜೈಲಿಗೆ ಹಾಕುವ ಹೊಸ ಕಾನೂನಿನ ಗದ್ದಲ ಎದ್ದಾಗ ಆ ಸಿನಿಮಾ ನಮ್ಮವರ ಫೋನುಗಳಿಗೆ ಬಂತು. ರೇಡಿಯೋದಲ್ಲಿ ಒಬ್ಬ ಬೋಧಕ ಊರಿನ ಹೆಸರೆತ್ತಿ ಶಾಪ ಹಾಕಿದ. ಮಸಾಕಾದ ಸಂತೆಯಲ್ಲಿ ನಮ್ಮ ಹೆಂಗಸರು ಬಾಳೆಗೊನೆ ಇಳಿಸಿದರೆ, ಪಕ್ಕದವರು ಚಪ್ಪಾಳೆ ತಟ್ಟಿ ನಗತೊಡಗಿದರು. ಚಪ್ಪಾಳೆ ಊರಿನ ಹೆಣ್ಣು ಬೇಡ ಎಂದು ಒಪ್ಪಿದ ಸಂಬಂಧಗಳೂ ಮುರಿದವು.

ಹೆಂಗಸರು ಲಿಯೊಕೇಡಿಯಾಳ ಅಂಗಳಕ್ಕೆ ಬಂದು ನಿಂತರು. ಸ್ಪೆಸಿಯೋಜಾ ಈಗ ನಗುತ್ತಿರಲಿಲ್ಲ. "ನಾವು ಯಾವುದಕ್ಕೆ ಚಪ್ಪಾಳೆ ತಟ್ಟಿದ್ವಿ ಸೆಂಗಾ? ನಮ್ಮ ಬಾಯಲ್ಲಿ ಏನು ಹೇಳಿಸಿದ್ರಿ?"

"ನೀವು ಏನೂ ಹೇಳಿಲ್ಲ ಕಣ್ರೇ. ನಕ್ಕಿರಿ, ಅಷ್ಟೇ. ನಿಮ್ಮ ಆಸ್ಪತ್ರೆ ಉಳೀಲಿ ಅಂತ ನಾನು ಮಾತು ತಿರುವಿದೆ."

ಹಿಂದಿನಿಂದ ಲುಬ್ವಾಮ ಮೇಷ್ಟರು, "ನನಗೆ ಅವತ್ತೇ ಅನುಮಾನ ಬಂದಿತ್ತು" ಎಂದರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವುದು ಎಂದರೆ ಇದೇ. ಅವರ ಮಗು ಅದೇ ಆಸ್ಪತ್ರೆಯಲ್ಲಿ ಹುಟ್ಟಿ, ಅಷ್ಟು ಹೊತ್ತಿಗೆ ಓಡಾಡುತ್ತಿತ್ತು.

ಕಾನೂನು ಬಂತು. ಬಂದ ಕೆಲವೇ ವಾರಗಳಲ್ಲಿ ಮಾರಿಟ್ ಬಂದಳು, ಈ ಸಲ ಕ್ಯಾಮೆರಾ ಇಲ್ಲದೆ. ತನ್ನ ದೇಶ ಹಣ ನಿಲ್ಲಿಸಿದೆ, ನಾಳೆ ಊರಿಗೆ ಅದನ್ನು ತಿಳಿಸಬೇಕು ಎಂದಳು. ಲಿಯೊಕೇಡಿಯಾ ಅವಳಿಗೆ ಚಹಾ ಕೊಟ್ಟು ಎದುರಿಗೆ ಕೂತಳು.

"ಕಾನೂನು ಮಾಡಿದೋರು ಈ ಆಸ್ಪತ್ರೇಲಿ ಹೆರಲ್ಲಮ್ಮ. ಅವರ ಹೆಂಡ್ತೀರು ವಿಮಾನದಲ್ಲಿ ಹೋಗಿ ಹೆರ್ತಾರೆ. ಇದು ಯಾರಿಗೆ ಶಿಕ್ಷೆ?"

"ಸುಮ್ಮನೆ ಕೊಡ್ತಾ ಹೋದರೆ ಆ ಕಾನೂನಿಗೆ ನಾವೇ ಹಣ ಕೊಟ್ಟ ಹಾಗಾಗತ್ತೆ ಲಿಯೊಕೇಡಿಯಾ. ಜೈಲಿಗೆ ಹೋಗೋರ ಮುಖ ನಾನು ಹೇಗೆ ನೋಡಲಿ? ಕಿಜ್ಜಾನಂಥವರಿಗೋಸ್ಕರವೇ ಇದು."

ಅವಳ ಮಾತಿನಲ್ಲೂ ಸತ್ಯವಿತ್ತು. ಸಿಟ್ಟು ಬರುವುದೇ ಅದಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರ ಕೈಯಲ್ಲೂ ಒಂದು ನ್ಯಾಯ ಇದ್ದೇ ಇರುತ್ತದೆ.

"ಸರಿ, ನಿಲ್ಲಿಸು" ಎಂದಳು ಲಿಯೊಕೇಡಿಯಾ. "ಆದ್ರೆ ಕಾರಣ ಮಾತ್ರ ಹೇಳ್ಬೇಡ. ದುಡ್ಡು ಮುಗೀತು ಅಂದ್ಬಿಡು. ನಿನ್ನ ಕಾಲು ಹಿಡ್ಕೋತೀನಿ. ಕಾರಣ ಹೇಳಿದ್ರೆ, ಆಸ್ಪತ್ರೆ ಮುಚ್ಚಿದ್ದು ಅವನಂಥೋರಿಂದಲೇ ಅಂತಾರೆ."

ಮಾರಿಟ್ ಚಹಾದ ಲೋಟ ಕೆಳಗಿಟ್ಟು, "ಜನರಿಗೆ ಸುಳ್ಳು ಹೇಳೋದು ನನ್ನಿಂದಾಗಲ್ಲ" ಎಂದಳು. ಸುಳ್ಳು ಹೇಳದೆ ಬದುಕಬಲ್ಲ ದೇಶದಲ್ಲಿ ಹುಟ್ಟಿದವಳು.

ಮಾರನೆಯ ದಿನ ಲಿಯೊಕೇಡಿಯಾಳ ಪಕ್ಕದಲ್ಲಿ ಮೇಷ್ಟರನ್ನೂ ನಿಲ್ಲಿಸಿದ್ದರು. ಈ ಸಲ ಮಾತು ಆಚೀಚೆ ಆಗಬಾರದು ಎಂದು ಊರ ಅಧ್ಯಕ್ಷನ ಅಪ್ಪಣೆ. ಮಾರಿಟ್ ಅಳುತ್ತಳುತ್ತಲೇ ಹೇಳಿದಳು. ಲಿಯೊಕೇಡಿಯಾ ವಾಕ್ಯಕ್ಕೆ ವಾಕ್ಯ ಸರಿಯಾಗಿಯೇ ದಾಟಿಸಿದಳು. ಹಣ ನಿಂತಿತು. ಕಾನೂನೇ ಕಾರಣ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮಾರಿಟ್ ಎದೆಯ ಮೇಲೆ ಕೈ ಇಟ್ಟುಕೊಂಡು, "ಈ ಊರಿನಲ್ಲೂ ಅಂಥ ಒಬ್ಬ ಹುಡುಗನಿದ್ದಾನೆ, ನನ್ನ ಗೆಳೆಯ. ಅವನ ಕೈ ನಾವು ಬಿಡುವುದಿಲ್ಲ" ಎಂದುಬಿಟ್ಟಳು.

ಆ ಮಾತನ್ನು ಲಿಯೊಕೇಡಿಯಾ ದಾಟಿಸಲಿಲ್ಲ. ಮೇಷ್ಟರು ಅದನ್ನು ಸ್ಪಷ್ಟವಾಗಿ, ಆ ಬೈಗುಳದ ಪದವನ್ನೇ ಹಾಕಿ ಅನುವಾದಿಸಿದರು.

ತಲೆಗಳು ತಿರುಗಿದವು. ಮದುವೆಯಾಗದ ಹುಡುಗರು ಊರಿನಲ್ಲಿ ಎಷ್ಟು ಜನ? ಬಿಳಿ ಹೆಂಗಸಿನ ಜೊತೆ ಒಡನಾಟ ಇದ್ದವರು ಎಷ್ಟು ಜನ? ಕಣ್ಣುಗಳೆಲ್ಲ ಮೋಟರ್‌ಸೈಕಲ್ಲಿನ ಕಡೆ ಹೋದವು. ಕವುಮ ಎದ್ದು ನಿಂತ. ಮಗನನ್ನಲ್ಲ, ಅಕ್ಕನನ್ನು ನೋಡಿದ. ಅವನ ಕೈಯಲ್ಲಿ ಬಾಳೆ ಕಡಿಯುವ ಕತ್ತಿ ಇತ್ತು. ತೋಟದಿಂದ ನೇರ ಬಂದಿದ್ದ.

"ಅಕ್ಕ, ಯಾರು ಅವನು?"

"ನನಗೇನು ಗೊತ್ತೋ? ಮೇಷ್ಟ್ರನ್ನೇ ಕೇಳು, ಅವರಿಗೇ ಎಲ್ಲಾ ಪದ ಗೊತ್ತಿರೋದು. ನಿನ್ನ ಮಗನಿಗಂತೂ ಹೆಣ್ಣು ಗೊತ್ತಾಗಿದೆ. ನಾನೇ ಮಾತು ಕೊಟ್ಟು ಬಂದಿದೀನಿ. ಕಟಬಿ ಊರಿನ ಅಜ್ಜಿ ಸಾಕಿದ ಹುಡುಗಿ, ರೋಜೆಟ್. ನಿನಗೆ ಹೇಳೋಣ ಅಂತಿದ್ದೆ."

ಸೆಂಗಾ ಕೊಟ್ಟ ಮಾತಿಗೆ ನಮ್ಮಲ್ಲಿ ಎದುರಿಲ್ಲ. ಕವುಮ ಕೂತ. ಜನ ಗೊಣಗುತ್ತ ಬೇರೆ ಹುಡುಗರ ಕಡೆ ನೋಡತೊಡಗಿದರು. ರೋಜೆಟ್‌ಳನ್ನು ಲಿಯೊಕೇಡಿಯಾ ಹಿಂದೊಮ್ಮೆ ಚರ್ಚಿನ ಪೂಜೆಯಲ್ಲಿ ನೋಡಿದ್ದು ಬಿಟ್ಟರೆ ಮಾತೂ ಆಡಿಸಿರಲಿಲ್ಲ. ಬಾಯಿಗೆ ಬಂದ ಹೆಸರು ಅದು.

"ನನ್ನನ್ನ ಉಳಿಸಿದ್ರೋ, ಹೂತಿಟ್ರೋ?" ಎಂದು ಕಿಜ್ಜಾ ಆಮೇಲೆ ಕೇಳಿದ. "ನಾನು ಓಡಿಹೋಗ್ತೀನಿ ಸೆಂಗಾ."

"ಓಡು. ನೀನು ಓಡಿದ ದಿನವೇ ಊರಿಗೆ ಉತ್ತರ ಸಿಗತ್ತೆ. ನಿಮ್ಮಪ್ಪ ನೇಣು ಹಾಕ್ಕೋತಾನೆ. ಕಂಪಾಲಾದಲ್ಲಿದ್ದ ನಿನ್ನಂಥ ಹುಡುಗರು ಎಲ್ಲಿದಾರೆ ಈಗ? ಠಾಣೇಲಿ."

ಅವನು ಓಡಲಿಲ್ಲ. ಆಸ್ಪತ್ರೆಗೆ ಬೀಗ ಬಿತ್ತು, ನರ್ಸು ಹೋದಳು. ಸ್ಪೆಸಿಯೋಜಾಳ ಮಗಳು ಹೆರಿಗೆ ನೋವಿನಲ್ಲಿ ಮಸಾಕಾ ದಾರಿಯಲ್ಲೇ ತೀರಿಕೊಂಡಳು. ಹೆಣದ ಮುಂದೆ ಕೂತ ಸ್ಪೆಸಿಯೋಜಾ ಕಾನೂನನ್ನು ಶಪಿಸಲಿಲ್ಲ, ಚಳಿದೇಶವನ್ನೂ ಶಪಿಸಲಿಲ್ಲ. "ಆ ಒಬ್ಬ ಕೈಗೆ ಸಿಗಲಿ" ಎನ್ನುತ್ತಿದ್ದಳು. ಅಂಗಳದಲ್ಲಿ ನೀರು ಹೊರುತ್ತಿದ್ದ ಕಿಜ್ಜಾ ಅದನ್ನು ಕೇಳಿಸಿಕೊಂಡ. ಮುಂದಿನ ತಿಂಗಳೇ ಮದುವೆಯಾದ.

ಮಾರಿಟ್ ಒಮ್ಮೆ ಫೋನ್ ಮಾಡಿ, ಕಿಜ್ಜಾ ಕ್ಷೇಮವೇ ಎಂದು ಕೇಳಿದಳು. ಮದುವೆಯಾಯಿತು ಎಂದಳು ಲಿಯೊಕೇಡಿಯಾ. "ಹಾಗಾದ್ರೆ ಅವನು ಅಂಥವನಲ್ವಾ?" ಎಂದಳು ಮಾರಿಟ್, ಮೋಸ ಹೋದವಳ ದನಿಯಲ್ಲಿ. ಲಿಯೊಕೇಡಿಯಾ ಫೋನ್ ಇಟ್ಟಳು.

ರೋಜೆಟ್‌ಗೆ ಸ್ವಂತ ಸೋದರತ್ತೆ ಇರಲಿಲ್ಲವಾದ್ದರಿಂದ ಆ ಕಡೆಯ ಸೆಂಗಾ ಕೂಡ ಲಿಯೊಕೇಡಿಯಾಳೇ ಆಗಿದ್ದಳು. ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಹುಡುಗಿ ಬಂದಳು. ಮೊಣಕಾಲೂರಿ ನಮಸ್ಕರಿಸಿದಳು, ಏಳಲಿಲ್ಲ. ಮೈ ಇಳಿದುಹೋಗಿತ್ತು.

"ಅವರು ಒಳ್ಳೆಯವರು ಸೆಂಗಾ. ಒಂದು ದಿನ ಬೈದಿಲ್ಲ. ಆದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ. ನಾನು ಮುಟ್ಟಿದ್ರೆ ಎದ್ದು ಹೊರಗೆ ಹೋಗ್ತಾರೆ. ಅಜ್ಜಿ, ಪಕ್ಕದ ಮನೆಯವ್ರು, ಎಲ್ಲಾ ಹೊಟ್ಟೆ ನೋಡ್ತಾರೆ. ನೀವೇ ಹೇಳಿ, ತಪ್ಪು ಅವರದಾ, ನಂದಾ?"

ಬಾಗಿಲು ಹಾಕಿತ್ತು. ಕೋಣೆಯಲ್ಲಿ ಇಬ್ಬರೇ. ನಿಜ ಹೇಳಿದರೆ ಹುಡುಗಿ ಇವತ್ತೇ ಬಿಡುಗಡೆಯಾಗುತ್ತಾಳೆ. ನಾಳೆ ಅವಳ ಅಜ್ಜಿಗೆ ತಿಳಿಯುತ್ತದೆ, ನಾಡಿದ್ದು ಸ್ಪೆಸಿಯೋಜಾಳಿಗೆ. ಲಿಯೊಕೇಡಿಯಾ ಹುಡುಗಿಯ ಗಲ್ಲ ಹಿಡಿದೆತ್ತಿ ನೋಡಿದಳು. ಒಳ್ಳೆಯ ಮುಖ, ಯಾರ ಸುದ್ದಿಗೂ ಹೋದದ್ದಲ್ಲ.

"ನಿಂದೇ ಮಗಳೇ" ಎಂದಳು. "ನಿನಗಿನ್ನೂ ಗಂಡನ್ನ ಒಲಿಸ್ಕೊಳ್ಳೋದು ಬಂದಿಲ್ಲ."

ಹುಡುಗಿ ತಲೆ ತಗ್ಗಿಸಿದಳು. ಕಣ್ಣೊರೆಸಿಕೊಂಡು, ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದು ಕೂತಳು. "ನನಗೂ ಹಂಗೇ ಅನಿಸ್ತಿತ್ತು ಸೆಂಗಾ" ಎಂದಳು. "ಕಲಿಸಿಕೊಡಿ."