ಹಸಿದ ಕೋಶದ ಹೊಸ ಕೊಬ್ಬು

ಮೇಷ್ಟ್ರನ್ನು ನಾನು ಮೊದಲು ನೋಡಿದ ದಿನ ಅವರು ನನ್ನ ಮುಖ ನೋಡಲಿಲ್ಲ, ನಾನು ತೊಳೆದಿಟ್ಟ ಗಾಜಿನ ಕುಪ್ಪಿ ನೋಡಿದರು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರು ಮಾಡುತ್ತಿದ್ದ ಕೆಲಸವನ್ನೇ ಕಾಲೇಜಿನವರು ನನಗೆ ಕೊಟ್ಟಿದ್ದರು. ಪ್ರಯೋಗಶಾಲೆಯ ಗಾಜಿನ ಸಾಮಾನು ತೊಳೆಯುವ ಕೆಲಸ. ಕುಪ್ಪಿಯ ಒಳಗೆ ನೀರಿನ ಹನಿಗಳು ಮಣಿ ಪೋಣಿಸಿದ ಹಾಗೆ ಕೂತಿದ್ದವು. ನನಗೆ ಚೆಂದವಾಗಿಯೇ ಕಂಡಿತ್ತು.

“ಇದು ತೊಳೆದಿದ್ದಾ, ತೊಳೀಬೇಕಾದ್ದಾ?” ಅಂದರು.

“ತೊಳೆದಿದ್ದು ಸರ್.”

“ಹನಿ ನಿಂತಿದೆ ಅಂದ್ರೆ ಜಿಡ್ಡಿದೆ ಅಂತ ಅಕ್ಕ. ಜಿಡ್ಡು ಹೋದ ಗಾಜಿನ ಮೇಲೆ ನೀರು ಹನಿ ಕಟ್ಟಲ್ಲ. ಹಾಳೆ ಥರ ಹರಡ್ಕೊಂಡು ಇಳಿಯುತ್ತೆ.”

ಅವತ್ತು ಆ ಕುಪ್ಪಿಯನ್ನು ಐದು ಸಲ ತೊಳೆದೆ. ಐದನೇ ಸಲ ನೀರು ಹಾಳೆಯಾಗಿ ಇಳಿಯಿತು. ಆಗ ಮೇಷ್ಟ್ರು ತಲೆಯೆತ್ತಿ ನನ್ನ ಮುಖ ನೋಡಿ, “ಹೊಸಬರಾ?” ಅಂದರು.

ಅವರ ಓದೆಲ್ಲ ಜೀವಕೋಶದ ಕೊಬ್ಬಿನ ಮೇಲೆ. ಪುಸ್ತಕದಲ್ಲಿ ಅದಕ್ಕೆ ಲಿಪಿಡ್ ಅಂತಾರೆ. ವಿದ್ಯಾರ್ಥಿಗಳು ಅವರನ್ನು ಜಿಡ್ಡು ಮೇಷ್ಟ್ರು ಅಂತಿದ್ದರು. ಬೆಳಗಿನಿಂದ ಸಾಯಂಕಾಲದವರೆಗೆ ಕೊಬ್ಬಿನ ಗುಣಗಾನ ಮಾಡುವವರ ಊಟದ ಡಬ್ಬಿಯಲ್ಲಿ ಎಣ್ಣೆಯ ಪಸೆ ಇರುತ್ತಿರಲಿಲ್ಲ. ಡಾಕ್ಟರು ಬೇಡ ಅಂದಿದ್ದರು, ಹೆಂಡತಿ ಡಾಕ್ಟರಿಗಿಂತ ಒಂದು ಕೈ ಮೇಲು. ಆ ಡಬ್ಬಿ ತೊಳೆಯಲು ನನಗೆ ಸೋಪೇ ಬೇಕಾಗುತ್ತಿರಲಿಲ್ಲ.

ತರಗತಿಯಲ್ಲಿ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲವೋ ಏನೋ, ಪಾಠವನ್ನು ನಾನು ಗಾಜು ತೊಳೆಯುವ ತೊಟ್ಟಿಯ ಪಕ್ಕ ನಿಂತು ನನಗೆ ಹೇಳುತ್ತಿದ್ದರು.

“ಕೊಬ್ಬು ಅಂದ್ರೆ ಜನಕ್ಕೆ ಹೊಟ್ಟೆ ಒಂದೇ ಕಾಣೋದು. ಹೊಟ್ಟೇಲಿರೋದು ಕೂಡಿಟ್ಟ ಸೌದೆ ಅಕ್ಕ, ಬೇಕಾದಾಗ ಉರಿಸೋಕೆ. ಆದ್ರೆ ಒಂದೊಂದು ಕೋಶದ ಸುತ್ತ ಇರೋ ಪೊರೆ, ಗೋಡೆ ಅಂತಾನೇ ಅನ್ನಿ, ಅದೂ ಕೊಬ್ಬಿಂದೇ. ಆ ಕೊಬ್ಬಿನ ಕಣಕ್ಕೆ ಒಂದು ತಲೆ, ಎರಡು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಕಂಡ್ರಾಗಲ್ಲ. ನೀರಲ್ಲಿ ಬಿಟ್ರೆ ಬಾಲ ಎಲ್ಲ ಒಳಗೆ ಬಚ್ಚಿಟ್ಕೊಂಡು, ತಲೆ ಹೊರಗೆ ಹಾಕಿ, ಎರಡು ಸಾಲಾಗಿ ನಿಂತ್ಬಿಡ್ತವೆ. ಆ ಎರಡು ಸಾಲೇ ಗೋಡೆ.”

“ಮೇಸ್ತ್ರಿ ಇಲ್ದೆ?”

“ಮೇಸ್ತ್ರಿ ಇಲ್ಲ, ಸಿಮೆಂಟಿಲ್ಲ. ಅದಕ್ಕೇ ಬಾಗುತ್ತೆ, ಸಣ್ಣ ತೂತಾದ್ರೆ ತಾನೇ ಮುಚ್ಕೊಳುತ್ತೆ.”

“ನಮ್ಮ ಸ್ಟೋರ್‌ರೂಮನ್ನೂ ಕೊಬ್ಬಲ್ಲೇ ಕಟ್ಟಿಸ್ಬೇಕಿತ್ತು ಸರ್,” ಅಂದೆ. ಅದು ಮೂರು ವರ್ಷದಿಂದ ಸೋರುತ್ತಿತ್ತು.

ಹೀಗೆ ಇಪ್ಪತ್ತು ವರ್ಷ ಕಳೆಯಿತು. ಅವರ ನಿವೃತ್ತಿಗೆ ಆರು ತಿಂಗಳಿತ್ತು. ಇಷ್ಟು ವರ್ಷದಲ್ಲಿ ಅವರು ಬೇರೆಯವರು ಕಂಡುಹಿಡಿದದ್ದನ್ನೇ ಪಾಠ ಮಾಡಿದ್ದರು. ತಾವೇ ಕಂಡದ್ದು ಅಂತ ಎಳ್ಳಷ್ಟೂ ಇರಲಿಲ್ಲ. ಅದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಆಗ ಬಂತು ಆ ಕಲೆ.

ಬ್ರೆಡ್ಡಿಗೆ ಹಾಕುವ ಯೀಸ್ಟ್ ಇದೆಯಲ್ಲ, ಅದೂ ಜೀವಕೋಶವೇ. ಮೇಷ್ಟ್ರು ಒಂದು ಕುಪ್ಪಿಯ ಯೀಸ್ಟಿಗೆ ಸಕ್ಕರೆ ಕೊಡುತ್ತಿದ್ದರು, ಇನ್ನೊಂದನ್ನು ಉಪವಾಸ ಕೆಡವುತ್ತಿದ್ದರು. ಆಮೇಲೆ ಎರಡರ ಕೊಬ್ಬನ್ನೂ ಕ್ಲೋರೋಫಾರ್ಮಿನಲ್ಲಿ ತೆಗೆದು, ಬಿಳಿ ಪುಡಿ ಬಳಿದ ಗಾಜಿನ ಪಟ್ಟಿಯ ಬುಡದಲ್ಲಿ ಸೂಜಿಯಂಥ ಕೊಳವೆಯಿಂದ ಒಂದೊಂದು ಹನಿ ಇಡುತ್ತಿದ್ದರು. ಪಟ್ಟಿಯ ಬುಡವನ್ನು ಒಂದು ದ್ರವದಲ್ಲಿ ನಿಲ್ಲಿಸಿದರೆ ದ್ರವ ಮೇಲೇರುತ್ತದೆ, ಕೊಬ್ಬುಗಳನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ಬೇಗ ಸುಸ್ತಾಗಿ ಕೆಳಗೇ ನಿಲ್ಲುತ್ತೆ, ಇನ್ನೊಂದು ಮೇಲಿನ ತನಕ ಹತ್ತುತ್ತೆ. ಅಯೋಡಿನ್ ಹೊಗೆ ತೋರಿಸಿದರೆ ಯಾವುದು ಎಲ್ಲಿ ನಿಂತಿದೆಯೋ ಅಲ್ಲಿ ಕಂದು ಕಲೆ ಏಳುತ್ತದೆ.

ಹಸಿದ ಯೀಸ್ಟಿನ ಕಡೆ ಎಲ್ಲದಕ್ಕಿಂತ ಮೇಲೆ, ಏನೂ ಇರಬಾರದ ಜಾಗದಲ್ಲಿ, ಒಂದು ಕಲೆ.

“ಹೊಟ್ಟೆಗಿಲ್ಲದ ಕೋಶ ತನ್ನ ಗೋಡೆ ಕಾಪಾಡ್ಕೊಳ್ಳೋಕೆ ಹೊಸ ಕೊಬ್ಬು ಮಾಡ್ಕೊಂಡಿದೆ ಅಕ್ಕ.”

“ಹೊಟ್ಟೆಗಿಲ್ದೆ ಕೊಬ್ಬು ಹೆಂಗೆ ಬರುತ್ತೆ ಸರ್?”

“ಅದೇ ಅಲ್ವಾ ವಿಶೇಷ?”

ವಿಶೇಷ ಪ್ರಿನ್ಸಿಪಾಲರ ಕಿವಿಗೂ ಬಿತ್ತು. ಆ ಕೊಬ್ಬಿಗೆ ಕಾಲೇಜಿನ ಹೆಸರನ್ನೇ ಇಡಬೇಕು ಅಂದರು. ಹೊರಗಿನ ಕಾಲೇಜುಗಳಿಂದ ದೊಡ್ಡವರನ್ನು ಕರೆದು ಸಭೆ ಗೊತ್ತು ಮಾಡಿದರು.

ತೊಂದರೆ ಬಂದದ್ದು ಚಿಕ್ಕ ಮೇಡಮ್ಮಿನಿಂದ. ಮೇಷ್ಟ್ರ ಕೈಕೆಳಗೆ ಹೊಸದಾಗಿ ಸೇರಿದ್ದ ಹುಡುಗಿ. ಅದೇ ಯೀಸ್ಟು, ಅದೇ ಪಟ್ಟಿ ಹಿಡಿದು ತಾನೇ ಮಾಡಿದಳು. ಕಲೆ ಬರಲಿಲ್ಲ. ಇನ್ನೊಂದು ಸಲ ಮಾಡಿದಳು, ಆಗಲೂ ಬರಲಿಲ್ಲ.

“ಗಾಜಲ್ಲಿ ಸೋಪು ಉಳಿದಿದೆ,” ಅಂದರು ಮೇಷ್ಟ್ರು. “ಸೋಪಿಗೂ ತಲೆ ಬಾಲ ಇದೆ. ಬಾಲದಿಂದ ಕೊಬ್ಬು ಹಿಡ್ಕೊಂಡು, ತಲೆಯಿಂದ ನೀರಿನ ಜೊತೆ ಹೊರಟ್ಹೋಗುತ್ತೆ. ನಮ್ಮ ಕೊಬ್ಬನ್ನ ಸೋಪು ತಿಂದ್ಹಾಕಿದೆ.”

ಹೇಳಿದ್ದು ಮೇಡಮ್ಮಿಗೆ, ಚುಚ್ಚಿದ್ದು ನನಗೆ. ಇಪ್ಪತ್ತು ವರ್ಷದಿಂದ ನನ್ನ ಕೈಯ ಗಾಜಿನ ಮೇಲೆ ನೀರು ಹಾಳೆಯಾಗಿಯೇ ಇಳಿದಿತ್ತು. ಮಾರನೇ ದಿನದಿಂದ ಮೇಷ್ಟ್ರ ಮೇಜಿನ ಎದುರಿನ ಕಪಾಟಿನ ಗಾಜು ಒರೆಸಲು ಶುರುಮಾಡಿದೆ. ಆ ಕಪಾಟು ಅದಕ್ಕೆ ಮೊದಲೂ ಆಮೇಲೂ ಅಷ್ಟು ಚೊಕ್ಕಟವಾಗಿ ಯಾವತ್ತೂ ಇರಲಿಲ್ಲ.

ಮೇಷ್ಟ್ರು ಗ್ಲೌಸು ಹಾಕುತ್ತಿರಲಿಲ್ಲ. ಗ್ಲೌಸು ಹಾಕಿದರೆ ಬೆರಳು ಕುರುಡಾಗುತ್ತೆ ಅನ್ನುತ್ತಿದ್ದರು. ಸಕ್ಕರೆ ತಿಂದ ಯೀಸ್ಟಿನ ಹನಿಯನ್ನು ಥಟ್ಟನೆ ಇಟ್ಟುಬಿಡುತ್ತಿದ್ದರು, ಅದರ ಮೇಲೆ ಅವರಿಗೆ ಅಂಥ ಅಕ್ಕರೆ ಇರಲಿಲ್ಲ. ಹಸಿದದ್ದರ ಸರದಿ ಬಂದಾಗ ನಿಲ್ಲುತ್ತಿದ್ದರು. ಯೋಚನೆ. ಯೋಚನೆ ಬಂದರೆ ಬೆರಳು ತಾನಾಗಿ ಮೂಗಿನ ಪಕ್ಕಕ್ಕೆ ಹೋಗಿ ಮೇಲೆ ಕೆಳಗೆ ಉಜ್ಜುತ್ತಿತ್ತು. ಆಮೇಲೆ ಅದೇ ಬೆರಳಿಂದ ಕೊಳವೆಯ ತುದಿ ಸವರಿ, ಹನಿ ಇಡುತ್ತಿದ್ದರು.

ನನಗೆ ಬರೆಯಲು ಅಷ್ಟು ಬರುವುದಿಲ್ಲ. ಸೋಪಿನ ಡಬ್ಬದ ರಟ್ಟಿನ ಮೇಲೆ ಪಟ್ಟಿಗೊಂದು ಗೀಟು ಹಾಕಿದೆ. ಮೂಗು ಮುಟ್ಟಿದರೆ ಗೀಟಿಗೊಂದು ಅಡ್ಡಗೆರೆ, ಕಲೆ ಬಂದರೆ ಅದರ ತಲೆಗೊಂದು ಸೊನ್ನೆ. ಹದಿನೇಳು ದಿನಕ್ಕೆ ಹತ್ತೊಂಬತ್ತು ಪಟ್ಟಿಯಾಯಿತು. ಮೂಗು ಮುಟ್ಟಿದ್ದು ಹನ್ನೊಂದು, ಕಲೆ ಬಂದದ್ದು ಅದೇ ಹನ್ನೊಂದು. ಉಳಿದ ಎಂಟರ ಬಗ್ಗೆ ಮೇಷ್ಟ್ರು, ಆ ಯೀಸ್ಟಿಗೆ ಸರಿಯಾಗಿ ಹಸಿವಾಗಿರಲಿಲ್ಲ ಅಂತ ಬರೆದುಕೊಂಡಿದ್ದರು.

ಸಭೆಗೆ ಎರಡು ದಿನ ಇತ್ತು. ಬೆಳಗ್ಗೆ ಅವರೊಬ್ಬರೇ ಇದ್ದಾಗ ಹೋದೆ.

“ಸರ್, ನಿಮ್ಮ ಮೂಗಿನ ವಿಷಯ ಒಂದು ಮಾತಾಡ್ಬೇಕಿತ್ತು.”

“ನನ್ನ ಮೂಗಿಗೇನಾಗಿದೆ?”

“ಮೂಗಿಗೇನೂ ಆಗಿಲ್ಲ ಸರ್. ಮೂಗಿಂದ ಆಗ್ತಿದೆ.”

ರಟ್ಟು ಮುಂದಿಟ್ಟು ಅಡ್ಡಗೆರೆ ಯಾವುದು, ಸೊನ್ನೆ ಯಾವುದು, ಮೂಗಿನ ಪಕ್ಕದ ಜಿಡ್ಡು ಬೆರಳಿಂದ ಕೊಳವೆಗೆ ಹೇಗೆ ಹತ್ತುತ್ತಿದೆ, ಎಲ್ಲ ಹೇಳಿದೆ. ಅವರು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಎದ್ದು ಹೊಸ ಪಟ್ಟಿ ತೆಗೆದರು. ಯೀಸ್ಟನ್ನು ಮುಟ್ಟಲೇ ಇಲ್ಲ. ಬರೀ ಕ್ಲೋರೋಫಾರ್ಮಿನ ಹನಿ ಒಂದು ಕಡೆ ಇಟ್ಟರು. ಮೂಗು ಉಜ್ಜಿ, ಕೊಳವೆ ಸವರಿ, ಅದೇ ಹನಿ ಇನ್ನೊಂದು ಕಡೆ. ದ್ರವ ಮೇಲೇರಲಿ ಅಂತ ಮುಕ್ಕಾಲು ಗಂಟೆ ಇಬ್ಬರೂ ಕಾದೆವು. ಹೊಗೆ ತೋರಿಸಿದರು. ಹೊಸ ಕೊಬ್ಬು ತನ್ನ ಜಾಗದಲ್ಲಿ ಬಂದು ನಿಂತಿತ್ತು, ಹಸಿವಿಲ್ಲ, ಯೀಸ್ಟೂ ಇಲ್ಲ.

“ಎಷ್ಟು ದಿನದಿಂದ ಗೊತ್ತಿತ್ತು?” ಅಂದರು.

“ಅನುಮಾನ ಐದನೇ ದಿನಕ್ಕೇ ಬಂದಿತ್ತು ಸರ್. ಪೂರ್ತಿ ಎಣಿಸಿ ಹೇಳೋಣ ಅಂತ.”

“ನನಗಿಂತ ಚೆನ್ನಾಗಿ ಎಣಿಸಿದ್ದೀರಿ,” ಅಂದರು.

ವಿಷಯ ಕೇಳಿ ಪ್ರಿನ್ಸಿಪಾಲರು ಅವರನ್ನು ಕೋಣೆಗೆ ಕರೆಸಿದರು. ಬಾಗಿಲು ಅರ್ಧ ತೆರೆದೇ ಇತ್ತು.

“ಜ್ವರ ಅಂತ ಹೇಳಿ ಮಲಗಿಬಿಡಿ ಮೇಷ್ಟ್ರೆ. ಸಭೆ ಮುಂದಕ್ಕೆ ಹಾಕೋಣ. ನೀವು ನಿವೃತ್ತಿ ಆದ್ಮೇಲೆ ಯಾರು ಕೇಳ್ತಾರೆ?”

“ಜ್ವರ ಬಂದಿಲ್ವಲ್ಲ,” ಅಂದರು ಮೇಷ್ಟ್ರು.

ಸಭೆ ನಡೆಯಿತು. ನಾನು ನೀರಿನ ಲೋಟ ಇಡಲು ಹಿಂದೆ ನಿಂತಿದ್ದೆ. ಮೇಷ್ಟ್ರು ಎದ್ದು, “ಹೊಸ ಕೊಬ್ಬು ತೋರಿಸ್ತೀನಿ ಅಂತ ನಿಮ್ಮನ್ನೆಲ್ಲ ಕರೆಸಿದ್ದೆ. ಕೊಬ್ಬು ನಿಜ. ಆದ್ರೆ ಕೋಶದ್ದಲ್ಲ, ನಂದು,” ಅಂದರು. ಮೂಗು ತೋರಿಸಿ, ಹನ್ನೊಂದು, ಎಂಟು, ಎಲ್ಲ ಲೆಕ್ಕ ಒಪ್ಪಿಸಿದರು. ಮೊದಲು ಒಬ್ಬರು ಕೆಮ್ಮಿದರು, ಆಮೇಲೆ ಇಡೀ ಸಭೆ ನಗೆಯಲ್ಲಿ ಮುಳುಗಿತು. ಪ್ರಿನ್ಸಿಪಾಲರು ಮಾತ್ರ ನಗಲಿಲ್ಲ. ನಗೆ ಇಳಿದ ಮೇಲೆ ಮೇಷ್ಟ್ರು, “ಗಾಜು ತೊಳೆದವರದ್ದು ಏನೂ ತಪ್ಪಿಲ್ಲ,” ಅಂತ ಸೇರಿಸಿದರು. ಗಾಜಿನ ಮಾತು ಅಲ್ಲಿಯತನಕ ಯಾರೂ ಎತ್ತಿರಲಿಲ್ಲ. ಈಗ ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

ಮಾರನೇ ವಾರಕ್ಕೆ ಜಿಡ್ಡು ಮೇಷ್ಟ್ರು ಹೋಗಿ ಮೂಗು ಮೇಷ್ಟ್ರಾದರು. ಚಿಕ್ಕ ಮೇಡಮ್ಮು ಅವರ ಮೇಜಿನ ಮೇಲೆ ಒಂದು ಪೊಟ್ಟಣ ಗ್ಲೌಸು ಇಟ್ಟಳು. ಮನೆಯಲ್ಲಿ ಹೆಂಡತಿ, ಇಷ್ಟು ಪಥ್ಯ ಮಾಡಿಸಿದರೂ ನಿಮಗೆ ಕೊಬ್ಬು ಎಲ್ಲಿಂದ ಬಂತು ಅಂತ ಕೇಳಿದರಂತೆ. ಅವರೇ ನಗುತ್ತಾ ಹೇಳಿದರು. ಆದರೆ ತಿಂಗಳುಗಟ್ಟಲೆ ಪಟ್ಟಿ ಮುಟ್ಟಲಿಲ್ಲ. ಪುಸ್ತಕ ನೋಡಿ ಪಾಠ ಮಾಡುವುದು, ಮನೆಗೆ ಹೋಗುವುದು. ತೊಟ್ಟಿಯ ಕಡೆಗೂ ಬರುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿತು.

ಅವರ ಕಡೆಯ ದಿನ ಹಾರ, ಭಾಷಣ ಎಲ್ಲ ಮುಗಿದ ಮೇಲೆ ತೊಟ್ಟಿಯ ಹತ್ತಿರ ಬಂದರು. ಗ್ಲೌಸು ಹಾಕಿಕೊಂಡಿದ್ದರು. ಕೈಯಲ್ಲಿ ಹೊಸ ಪಟ್ಟಿ, ಅದರ ಬುಡದಲ್ಲಿ ಆಗಲೇ ಒಂದು ಹನಿ.

“ಮೂಗಿನ ಕೊಬ್ಬಿನ ಬಗ್ಗೆ ಓದ್ತಾ ಇದ್ದೆ ಅಕ್ಕ. ಚರ್ಮ ಒಣಗದ ಹಾಗೆ ಮೈ ತಾನೇ ಮಾಡ್ಕೊಳ್ಳೋದು ಅದು, ಕೀಳಾಗಿ ನೋಡೋ ಹಾಗಿಲ್ಲ. ವಯಸ್ಸಾಗ್ತಾ ಕಮ್ಮಿ ಆಗುತ್ತಂತೆ, ಹೆಂಗಸರಿಗೆ ಇನ್ನೂ ಬೇಗ. ಈ ಕಡೆ ಇರೋದು ನಂದು. ಹೋಲಿಸೋಕೆ ಇನ್ನೊಂದು ಬೇಕು.” ಪಟ್ಟಿಯ ಖಾಲಿ ಬದಿಯನ್ನು ನನ್ನ ಕಡೆ ತಿರುಗಿಸಿ ಕೇಳಿದರು: “ಬೇಜಾರಿಲ್ದಿದ್ರೆ, ಒಂದ್ಸಲ ಮೂಗು ಉಜ್ಕೊಂಡು ಬೆರಳು ಇಲ್ಲಿ ಕೊಡ್ತೀರಾ?”