ತಿಪ್ಪಯ್ಯ ಬಿಟ್ಟುಕೊಟ್ಟ ಹೆಸರು

ಚನ್ನರಾಯಪಟ್ಟಣದ ಬಸ್ ಆಫೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಏಜೆಂಟ್ ಮನೋಹರನಿಗೆ ಆ ಹೆಸರು ಒಪ್ಪುತ್ತಿರಲಿಲ್ಲ. ಇದನ್ನು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ಒಡಕು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗಲೆಲ್ಲ ಅವನಿಗೇ ಹಾಗನ್ನಿಸುತ್ತಿತ್ತು. ಸಿಡುಬಿನ ಕಲೆಯ ಮುಖ, ಯಾವ ಬಾಚಣಿಗೆಗೂ ಬಗ್ಗದ ಕೂದಲು, ಸಂಬಳಕ್ಕಿಂತ ಮುಂದೆ ಹೋಗಿದ್ದ ಹಲ್ಲು. ಮನೋಹರ ಎಂದರೆ ಮನಸ್ಸನ್ನು ಅಪಹರಿಸುವವನಂತೆ. ಅವನು ಈವರೆಗೆ ಅಪಹರಿಸಿದ್ದು ಆ ಹೆಸರೊಂದನ್ನೇ, ಅದೂ ತಲೆಗೆ ಹಚ್ಚುವ ಎಣ್ಣೆಯ ಶೀಸೆಯೊಂದರ ಮೇಲಿಂದ.

ಹುಟ್ಟಿದಾಗ ಇಟ್ಟ ಹೆಸರು ತಿಪ್ಪಯ್ಯ. ಹೊಳೆನರಸೀಪುರದ ಕಡೆಯ ಹರದನಹಳ್ಳಿಯಲ್ಲಿ ಅವನ ತಾಯಿ ಬೆಟ್ಟಮ್ಮ ಅವನಿಗಿಂತ ಮುಂಚೆ ಹೆತ್ತವುಗಳಲ್ಲಿ ಒಂದೂ ಉಳಿದಿರಲಿಲ್ಲ. ಆಸೆಪಟ್ಟು ಇಟ್ಟ ದೇವರ ಹೆಸರುಗಳೆಲ್ಲ ತೊಟ್ಟಿಲಿನಲ್ಲೇ ಮುಗಿದುಹೋಗಿದ್ದವು. ಇಂಥ ಮನೆಗಳಲ್ಲಿ ಏನು ಮಾಡುತ್ತಾರೋ ಬೆಟ್ಟಮ್ಮನೂ ಅದನ್ನೇ ಮಾಡಿದಳು. ಕೂಸನ್ನು ಹಿತ್ತಿಲ ತಿಪ್ಪೆಯ ಮೇಲೆ ಬಿಟ್ಟು ತಿರುಗಿ ನೋಡದೆ ಒಳಗೆ ಬಂದಳು. ಅಗಸರ ಮಾದಮ್ಮ ದಾರಿಯಲ್ಲಿ ಸಿಕ್ಕಿತೆಂಬಂತೆ ಅದನ್ನು ಎತ್ತಿಕೊಂಡು, ಇದು ನನ್ನ ಕೂಸು ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಹೆಸರಿಟ್ಟು, ಆಮೇಲೆ ಒಂದು ಮೊರ ರಾಗಿ ಹೊಟ್ಟಿಗೆ ಬೆಟ್ಟಮ್ಮನಿಗೇ ಮಾರಿದಳು. ಯಾರಿಗೂ ಬೇಡವಾಗಿ ತಿಪ್ಪೆಗೆ ಬಿದ್ದದ್ದು, ಹೊಟ್ಟಿಗೆ ಬಂದದ್ದು ಸಾವಿಗೆ ಮಾತ್ರ ಯಾಕೆ ಬೇಕಾದೀತು ಎಂಬುದು ಹೆಂಗಸರ ಲೆಕ್ಕಾಚಾರ. ಸಾವಿಗೆ ಬೇಡವೇ ಆಯಿತು. ಸ್ಕೂಲಿಗೆ ಬೇಕಾಯಿತು. ಮೇಷ್ಟರು ಹಾಜರಿ ಕೂಗುವಾಗ ಆ ಹೆಸರು ಬಂದಾಗಲೆಲ್ಲ ಹಿಂದಿನ ಬೆಂಚು ಮೂಗು ಹಿಡಿದುಕೊಳ್ಳುತ್ತಿತ್ತು. ಮೇಷ್ಟರೂ ಒಮ್ಮೊಮ್ಮೆ ಹಿಡಿದುಕೊಳ್ಳುತ್ತಿದ್ದರು.

ಲೋಯರ್ ಸೆಕೆಂಡರಿ ಮುಗಿಸಿ ಚನ್ನರಾಯಪಟ್ಟಣಕ್ಕೆ ಬಂದವನು ಬಸ್ ಮಾಲೀಕರು ಹೆಸರು ಕೇಳಿದಾಗ ಉಗುಳು ನುಂಗಿ "ಮನೋಹರ ಸಾ" ಎಂದ. ಅವರು ತಲೆಯೆತ್ತಿ ಅವನ ಮುಖ ನೋಡಿ, ನಕ್ಕು, ಕೆಲಸ ಕೊಟ್ಟರು. ಅಲ್ಲಿಂದ ಅವನಿಗಿದ್ದ ಭಯವೆಲ್ಲ ಸಂತೆಯ ದಿನದ್ದು. ಬೆಟ್ಟಮ್ಮ ಊರಿಂದ ಬಂದಿಳಿದು, ಸ್ಟ್ಯಾಂಡಿನ ಆ ತುದಿಯಿಂದಲೇ "ಲೇ ತಿಪ್ಪಾ! ತಿಪ್ಪೋ!" ಎಂದು ಕೂಗುತ್ತಿದ್ದಳು. ಅವನು ತಲೆ ತಗ್ಗಿಸಿ ಟಿಕೆಟ್ ಹರಿಯುತ್ತಲೇ ಇರುತ್ತಿದ್ದ.

"ಏಜೆಂಟ್ ಸಾರ್, ಆ ಯಮ್ಮ ಯಾರನ್ನೋ ಕರೀತಾವ್ರೆ" ಎನ್ನುತ್ತಿದ್ದ ಡ್ರೈವರ್ ಕುಪ್ಪುಸ್ವಾಮಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಮಲ್ಲಿಪಟ್ಟಣದ ಜಯಲಕ್ಷ್ಮಮ್ಮನನ್ನು ಮದುವೆಯಾದ ಮೇಲೆ ಒಂದು ಸಮಾಧಾನವಿತ್ತು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಂಬಿದ್ದ ಆಕೆ ಎರಡು ಹೆಸರನ್ನೂ ಎತ್ತುತ್ತಿರಲಿಲ್ಲ. ಮದುವೆಯಲ್ಲಿ ಗೆಳತಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳೆಂದು ಕಾಡಿದಾಗಲೂ ತುಟಿ ಬಿಚ್ಚಿರಲಿಲ್ಲ; ಕೊನೆಗೆ ಹಿತ್ತಿಲ ತಿಪ್ಪೆಯ ಕಡೆ ಬೆರಳು ತೋರಿಸಿ ಒಳಗೆ ಬಂದಿದ್ದಳು. ಮನೆ ತುಂಬ ನಗು. ಮದುಮಗನೂ ನಕ್ಕ, ಬೇರೆ ದಾರಿ ಇರಲಿಲ್ಲ.

ತನ್ನ ಮಕ್ಕಳಿಗೆ ಮಾತ್ರ ಇಂಥ ಪಾಡು ಬರಕೂಡದು ಎಂದು ಅವನು ಲೈಬ್ರರಿಯ ಬಂಗಾಳಿ ಕಾದಂಬರಿಗಳ ಅನುವಾದಗಳನ್ನು ಜಾಲಾಡಿ ಹೆಸರು ಹುಡುಕಿದ. ಮೊದಲನೆಯವನು ಸುರೇಂದ್ರನಾಥ. ರಾಗಿ ಅಂಬಲಿಯ ಮನೆಗೆ ಕಲ್ಕತ್ತೆಯ ಜಮೀನುದಾರನೇ ಬಂದಿಳಿದಂತಿತ್ತು. ಮಗು ತೆವಳಲು ಕಲಿಯುವ ಮುಂಚೆಯೇ ಸೆಳವು ಬಂದು ತೀರಿಕೊಂಡಿತು. ಎರಡನೆಯವನು ಶೋಭನಕುಮಾರ. ಅವನನ್ನು ಭೇದಿ ಕೊಂಡುಹೋಯಿತು. ಎರಡೂ ಸಲ ಬೆಟ್ಟಮ್ಮ ಏನೂ ಅನ್ನಲಿಲ್ಲ. ಏನೂ ಅನ್ನದೆ ಇದ್ದದ್ದೇ ಅವನಿಗೆ ತಡೆಯಲಾಗಲಿಲ್ಲ. ಜಯಲಕ್ಷ್ಮಮ್ಮ ಖಾಲಿ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿ, ಒಂದೇ ಮಾತು ಕೇಳಿದಳು: "ನಿಮ್ಗೆ ಎಸ್ರು ಚೆಂದಾಗಿರ್ಬೇಕು. ನಂಗೆ ಕೂಸು ಇರ್ಬೇಕು. ಯಾವ್ದು ದೊಡ್ದು ಏಳಿ."

ವಿಜ್ಞಾನದ ಒಂದೆರಡು ಮಾತು ಅವನ ನಾಲಿಗೆಯ ತುದಿಯವರೆಗೆ ಬಂದು, ಅವಳ ಮುಖ ನೋಡಿ ಹಿಂದಕ್ಕೆ ಹೋದವು.

ಅವಳು ಮೂರನೆಯ ಸಲ ಬಸುರಿಯಾದ ಹೊತ್ತಿಗೆ ಯುದ್ಧ ಜೋರಾಗಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಕಟ್ಟಿಕೊಂಡ ಡ್ರಮ್ಮಿನಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಓಡುತ್ತಿದ್ದವು. ಒಂದು ಬೆಳಿಗ್ಗೆ ಹಿರೀಸಾವೆಯ ಹೋಟೆಲಿನ ಮುಂದೆ ಬಸ್ಸು ನಿಂತುಹೋಯಿತು. ಇದ್ದಿಲು ಮತ್ತೆ ಹತ್ತಿಕೊಳ್ಳುವವರೆಗೆ ಮಾಡಲು ಕೆಲಸವಿಲ್ಲದೆ, ಜೊತೆಗೆ ಬಂದಿದ್ದ ಏಜೆಂಟನೂ ಕುಪ್ಪುಸ್ವಾಮಿಯೂ ಬೆಂಚಿನ ಮೇಲೆ ಕೂತು ಕಾಫಿ ಕುಡಿದರು. ಸೇಲಂ ಕಡೆಯ ಕುಪ್ಪುಸ್ವಾಮಿಯ ಹೆಸರನ್ನು ಕಂಡರೆ ಮನೋಹರನಿಗೆ ಒಳಗೊಳಗೇ ಹೊಟ್ಟೆಕಿಚ್ಚು. ಸ್ವಾಮಿ ಎಂದಿದ್ದ ಮೇಲೆ ಯಾವುದೋ ದೊಡ್ಡ ಕ್ಷೇತ್ರದ ದೇವರೇ ಇರಬೇಕು.

"ನಿಮ್ ದೇವರ ಗುಡಿ ಎಲ್ಲಿರೋದು ಕುಪ್ಪುಸ್ವಾಮಿ?"

"ನಮ್ಮನೆ ಹಿಂದೆ ಸಾರ್" ಎಂದ ಕುಪ್ಪುಸ್ವಾಮಿ. "ಎಮ್ಮೆ ಕೊಟ್ಟಿಗೆ ಪಕ್ಕ. ನಮ್ಮ ಭಾಷೆಯಲ್ಲಿ ಕುಪ್ಪೆ ಅಂದ್ರೆ ತಿಪ್ಪೆ. ನನ್ನ ಮುಂಚೆ ಮೂರು ಹೋಗಿತ್ತು, ನಮ್ಮಮ್ಮ ನನ್ನ ತಗೊಂಡೋಗಿ ಅಲ್ಲಿ ಹಾಕಿದ್ಳು. ಸ್ವಾಮಿ ಆಮೇಲೆ ಸೇರಿಸಿದ್ದು, ಮರ್ಯಾದೆಗೆ."

ಮನೋಹರನ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು.

"ತೆಲುಗರಲ್ಲಿ ಪೆಂಟಯ್ಯ ಅಂತಾರೆ, ಅದೂ ಅದೇ. ನಮ್ಮ ಮೆಕ್ಯಾನಿಕ್ ಫಕೀರ್ ಸಾಬ್ ಇಲ್ವ? ಹುಟ್ಟಿದ ಕೂಡಲೇ ದರ್ಗಾದಲ್ಲಿ ಭಿಕ್ಷೆಯವನು ಅಂತ ಬಿಟ್ಟು ವಾಪಸ್ ತಂದಿದ್ದು." ಕುಪ್ಪುಸ್ವಾಮಿ ಬೀಡಿ ಹಚ್ಚಿಕೊಂಡ. "ಏನ್ ಸಾರ್, ನೀವು ಮಾತ್ರ ಅಂದ್ಕೊಂಡ್ರಾ? ಆ ಸಂತೆ ಯಮ್ಮ ಕೂಗಿದಾಗಲೇ ನನಗೆ ಗೊತ್ತಾಯ್ತು, ಇವನೂ ನಮ್ಮ ಪೈಕಿ ಅಂತ."

ಇಷ್ಟು ವರ್ಷ ತನ್ನನ್ನು ಹಂಗಿಸುತ್ತಿದ್ದಾನೆ ಎಂದು ಮನೋಹರ ಅಂದುಕೊಂಡಿದ್ದ ಕುಪ್ಪುಸ್ವಾಮಿ ತನ್ನನ್ನು ನೆಂಟನಂತೆ ನೋಡುತ್ತಿದ್ದ. ಎಷ್ಟು ಭಾಷೆಗಳಲ್ಲಿ ಎಷ್ಟು ತಾಯಂದಿರು ಮಕ್ಕಳನ್ನು ಕಸದಲ್ಲಿ ಬಚ್ಚಿಟ್ಟಿದ್ದಾರೆ! ಆ ಅವಿತುಕೊಳ್ಳುವ ಜಾಗವನ್ನೇ ಬಿಟ್ಟು ಎಣ್ಣೆ ಶೀಸೆಯ ಮೇಲೆ ಹೋಗಿ ಕೂತ ಜಾಣ ತಾನು. ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ಅವನು ತನ್ನ ಹಳೆಯ ಹೆಸರನ್ನು ಮನಸ್ಸಿನಲ್ಲೇ ಕರೆದುಕೊಂಡು ನೋಡಿದ. ಅಷ್ಟೇನೂ ನಾರುತ್ತಿರಲಿಲ್ಲ. ಮುಂದಿನ ಸಂತೆಗೆ ಅವ್ವ ಕೂಗಿದರೆ ಎಲ್ಲರೆದುರು ಓಗೊಡಬೇಕು ಎಂದು ನಿಶ್ಚಯಿಸಿಕೊಂಡ.

ಆ ಸಂತೆಗೆ ಬೆಟ್ಟಮ್ಮ ಬರಲಿಲ್ಲ, ಗಂಡು ಹುಟ್ಟಿದ ಸುದ್ದಿ ಬಂತು. ಈ ಸಲದ ಬಾಣಂತನ ಮಲ್ಲಿಪಟ್ಟಣದಲ್ಲಿ ಬೇಡ, ಹರದನಹಳ್ಳಿಯಲ್ಲೇ ಆಗಲಿ ಎಂದು ಅವಳು ಸೊಸೆಯನ್ನು ಇಟ್ಟುಕೊಂಡಿದ್ದಳು. ಅವನು ಹೋಗುವ ಹೊತ್ತಿಗೆ ಹಿತ್ತಿಲ ತಿಪ್ಪೆಯ ಮೇಲೆ ಮೊರ ಸಿದ್ಧವಾಗಿತ್ತು, ಮಾದಮ್ಮನಿಗೂ ಹೇಳಿಕಳುಹಿಸಿಯಾಗಿತ್ತು.

"ಮಾಡು ಅವ್ವ" ಎಂದ. ಇಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ತನ್ನನ್ನು ತಾನೇ ಮೆಚ್ಚಿಕೊಂಡ. "ಗುಂಡಯ್ಯ ಅನ್ನು, ಕಲ್ಲಯ್ಯ ಅನ್ನು. ನಂದೇನೂ ಅಡ್ಡಿ ಇಲ್ಲ."

"ಗುಂಡ ಅಂತ ನಮ್ಮಣ್ಣನ ಮಗೀಗೆ ಮಡುಗಿ ಏನಾಯ್ತು? ನಿನ್ ಬೆನ್ನಿಗ್ ಉಟ್ಟಿದ್ ಕೂಸ್ಗೆ ಕಲ್ಲ ಅಂತ ಮಡುಗಿ, ಅದ್ನೂ ನಾನೇ ಮಣ್ ಮಾಡ್ದೆ" ಎಂದಳು ಬೆಟ್ಟಮ್ಮ. "ಈ ಮನೇಲಿ ಉಳ್ಸುದ್ ಎಸ್ರು ಒಂದೇ ಕಣ್ಲಾ. ತಿಪ್ಪ."

"ಅದು ನನ್ನ ಹೆಸರಲ್ವ? ಬದುಕಿರೋ ಅಪ್ಪನ ಹೆಸರು ಮಗನಿಗೆ ಇಡ್ತಾರಾ?"

"ನಿಂದಾ?" ಬೆಟ್ಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನು ಸ್ಟ್ಯಾಂಡ್ನಾಗೆ ಗಂಟ್ಲು ಅರ್ಕೊಂಡಾಗ ನಿಂದಾಗಿರ್ನಿಲ್ವಲ್ಲ. ನೀನ್ ಬುಟ್ಟಾಕಿದ್ ಎಸ್ರು ಅಂಗೇ ಬಿದ್ದದೆ. ಕೂಸಿಗಾದ್ರೂ ಆಗ್ಲಿ."

ಅವನು ಹೆಂಡತಿಯ ಕಡೆ ನೋಡಿದ. ಜಯಲಕ್ಷ್ಮಮ್ಮ ಬಾಗಿಲ ಮರೆಯಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಆ ಹೆಸರಿಟ್ಟರೆ ಅವಳು ತನ್ನ ಮಗುವನ್ನೇ ಬಾಯಿ ತುಂಬ ಕರೆಯಲಾಗದು. ಬೇರೆ ಹೆಸರಿಟ್ಟು ಈ ಕೂಸೂ ಹೋದರೆ ಅವಳು ಅವನ ಮುಖ ನೋಡಲಾರಳು. ಎರಡೂ ಅವನಿಗೆ ಅರ್ಥವಾಗುತ್ತಿತ್ತು. ಅರ್ಥವಾಗುವುದರಿಂದ ಏನೂ ಆಗುವುದಿಲ್ಲ ಎಂಬುದೂ.

ಮಾದಮ್ಮ ಬಂದಳು. ವಯಸ್ಸಾಗಿ ಬೆನ್ನು ಬಾಗಿತ್ತು, ಬಾಯಿ ಬಾಗಿರಲಿಲ್ಲ. ಬೆಟ್ಟಮ್ಮ ಕೂಸನ್ನು ತಿಪ್ಪೆಯ ಮೇಲಿನ ಮೊರದಲ್ಲಿ ಮಲಗಿಸಿ ಹಿಂತಿರುಗಿ ನೋಡದೆ ಬಂದಳು. ಮಾದಮ್ಮ ಅದನ್ನು ಎತ್ತಿಕೊಂಡು, "ನಂಗೆ ಸಿಕ್ತು, ನಂದು ಈ ಕೂಸು!" ಎಂದು ಕೂಗಿ, "ಏನಂತ ಕರೀಲಿ ಅವ್ವಾರೆ?" ಎಂದಳು.

"ತಿಪ್ಪ ಅನ್ನು."

ಮಾದಮ್ಮ ಅನ್ನಲಿಲ್ಲ. ಕೂಸನ್ನು ಎದೆಗೆ ಸೇರಿಸಿಕೊಂಡು ನಿಂತಳು. "ಆ ಎಸ್ರುನ್ ಮಗ ನಂಗೆ ಇಲ್ಲೇ ಅವ್ನಲ್ಲ, ನಿಮ್ಮೆದುರ್ಗೇ ನಿಂತವ್ನೆ. ಇದೇ ತಿಪ್ಪೆಯಿಂದ ಎತ್ಕಂಡಿವ್ನಿ. ಬದ್ಕಿರೋನ್ ಮೈ ಮ್ಯಾಲಿಂದ ಕಿತ್ತು ಇದುಕ್ಕೆ ಒದುಸ್ಲಾ? ಅವುನ್ಗೇನಾರ ಆದ್ರೆ?"

ಬೆಟ್ಟಮ್ಮನ ಮುಖದ ಬಣ್ಣ ಇಳಿಯಿತು. ಬಿಟ್ಟುಹಾಕಿದ ಹೆಸರು ಎಂದು ಬಾಯಲ್ಲಿ ಹಂಗಿಸಿದ್ದಳೇ ಹೊರತು, ಅದು ಮಗನ ಮೈಮೇಲೆ ಇನ್ನೂ ಇದೆ ಎಂಬ ಧೈರ್ಯದಲ್ಲೇ ಅವಳು ಇಷ್ಟು ವರ್ಷ ನಿದ್ದೆ ಮಾಡಿದ್ದಳು. ಸಂತೆ ಸಂತೆಗೂ ಬಂದು ಕೂಗಿದ್ದೂ ಅದನ್ನು ಇನ್ನಷ್ಟು ಗಟ್ಟಿ ಮಾಡಲೆಂದೇ.

"ನೀನೇ ಏಳು ನನ್ನಪ್ಪ" ಎಂದಳು ಮಾದಮ್ಮ, ಅವನತ್ತ ತಿರುಗಿ. "ಆ ಎಸ್ರು ನಿಂದಾ, ಅಲ್ವಾ? ನೀನ್ ಏಳ್ದಂಗೆ ಮಾಡ್ತೀನಿ."

ಮನೋಹರ ಎಂಬುದು ಹತ್ತು ವರ್ಷ ಕೇಳಿದವರಿಗೆಲ್ಲ ನೀರು ಕುಡಿದಂತೆ ಹೇಳಿದ್ದ ಹೆಸರು. ಈಗ ಅದನ್ನು ಹೇಳಲು ಹಿಂಜರಿದ. ಇಂಥದ್ದನ್ನೆಲ್ಲ ತಾನು ನಂಬುವುದಿಲ್ಲವಲ್ಲ, ಹೇಳಿಬಿಡಲು ಏನು ಧಾಡಿ ಎಂದು ತನ್ನನ್ನೇ ಗದರಿಸಿಕೊಂಡ. ನಂಬದವನು ಯಾಕೆ ಒಂದು ಹೆಜ್ಜೆ ಹಿಂದೆ ಸರಿದ? ಬೆಟ್ಟಮ್ಮ ಮುಂದೆ ಬಂದು ಅವನ ತೋಳು ಹಿಡಿದಳು.

"ಬ್ಯಾಡ ಬುಡು ಮಗ" ಎಂದಳು ಮೆಲ್ಲಗೆ. "ಬೇರೆ ಯಾವ್ದಾರ ಮಡುಗಾನ."

ಬಾಗಿಲ ಮರೆಯಿಂದ ಒಂದು ಬಿಕ್ಕು ಕೇಳಿಸಿತು. ಜಯಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ನನ್ನ ಹೆಸರು ಮನೋಹರ" ಎಂದ ಅವನು. ಹುಟ್ಟಿದೂರಿನಲ್ಲಿ, ತಿಪ್ಪೆಯ ಪಕ್ಕದಲ್ಲಿ ನಿಂತು, ಮೊದಲ ಸಲ. ಬೇಲಿಯಾಚೆ ನಿಂತಿದ್ದವರಲ್ಲಿ ಯಾರಾದರೂ ನಗುತ್ತಾರೆ ಎಂದು ಕಾದ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ತಿಪ್ಪ ನಾನಲ್ಲ ಮಾದವ್ವ. ಕೂಸಿಗೆ ಕೊಡು."

ಮಾದಮ್ಮ ಕೂಸಿನ ಕಿವಿಯಲ್ಲಿ ಹೆಸರು ಕೂಗಿದಳು. ಬೆಟ್ಟಮ್ಮ ಮೊರದಲ್ಲಿ ರಾಗಿ ಹೊಟ್ಟು ಅಳೆದು ಕೊಟ್ಟು ಮೊಮ್ಮಗನನ್ನು ಕೊಂಡುಕೊಂಡಳು. ಆಮೇಲೆ ಜಗಲಿಯ ಮೇಲೆ ಕೂತು ಮಗನನ್ನೇ ನೋಡಿದಳು, ಊರು ಬಿಟ್ಟು ಹೊರಟವನನ್ನು ನೋಡುವ ಹಾಗೆ. ಊಟಕ್ಕೆ ಕರೆಯಬೇಕಾದಾಗ "ಲೇ" ಎಂದು ನಿಲ್ಲಿಸಿದಳು. ಮುಂದೆ ಸೇರಿಸಲು ಏನೂ ಇರಲಿಲ್ಲ.

ಚನ್ನರಾಯಪಟ್ಟಣಕ್ಕೆ ಮರಳಿದ ಮೇಲೆ ಏಜೆಂಟ್ ಮನೋಹರ ಮೊದಲಿನಂತಿರಲಿಲ್ಲ. ನೆಗಡಿ ಬಂದರೆ ಡಾಕ್ಟರ ಹತ್ತಿರ ಓಡುತ್ತಿದ್ದ. ಬಸ್ಸಿನ ಇದ್ದಿಲ ಡ್ರಮ್ಮಿನಿಂದ ದೂರ ನಿಲ್ಲುತ್ತಿದ್ದ. ಕುಪ್ಪುಸ್ವಾಮಿ ಇದನ್ನು ಗಮನಿಸಿ, ಏನಾಯಿತೆಂದು ಕೇಳಿ ತಿಳಿದುಕೊಂಡು, ಬಹಳ ಹೊತ್ತು ಸ್ಟೇರಿಂಗ್ ಒರೆಸುತ್ತ ಕೂತ. "ನನ್ನ ಕೈಯಲ್ಲಿ ಆಗ್ತಿರಲಿಲ್ಲ ಸಾರ್" ಎಂದ ಕೊನೆಗೆ. ಅದು ಹೊಗಳಿಕೆಯೋ ಬುದ್ಧಿವಾದವೋ ಮನೋಹರನಿಗೆ ತಿಳಿಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಬೆಟ್ಟಮ್ಮ ಬಸ್ ಸ್ಟ್ಯಾಂಡಿಗೆ ಬಂದಳು. ಕೂಗಲಿಲ್ಲ. ಅವನು ಜನರ ಸಂದಿಯಲ್ಲಿ ಕಾಣುವವರೆಗೂ ಆಫೀಸಿನ ಎದುರು ಸುಮ್ಮನೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಕೂಸಿಗೆ ಚಳಿಜ್ವರ" ಎಂದಳು. "ನೆನ್ನೆಯಿಂದ ಕಣ್ಣೇ ಬುಡ್ತಿಲ್ಲ."

ಕ್ವಿನೈನ್ ಮಿಕ್ಸ್ಚರ್ ಕೊಂಡು, ಕುಪ್ಪುಸ್ವಾಮಿಯ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಹೋಗಿ, ಅಲ್ಲಿಂದ ತಾಯಿ ಮಗ ಗಾಡಿ ಹಿಡಿದರು. ದಾರಿಯುದ್ದಕ್ಕೂ ಅವನು ಔಷಧದ ಶೀಸೆಯನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದ. ಸಾವಿಗೆ ಬೇಡವಾದ ಹೆಸರನ್ನೇ ಕೊಟ್ಟಿದ್ದೇನಲ್ಲ, ಇನ್ನೇನು ಕೊಡಲಿ ಎಂದು ಅವನು ಯಾರನ್ನೋ ಕೇಳುತ್ತಿದ್ದ.

ಹಿತ್ತಿಲ ಕಡೆಯಿಂದ ಮನೆ ಸೇರುವಾಗಲೇ ದನಿ ಕೇಳಿಸಿತು. ಜಯಲಕ್ಷ್ಮಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕರೆಯುತ್ತಿದ್ದಳು. ಮದುವೆಯಾದಂದಿನಿಂದ ಬಾಯಿಗೆ ಬಾರದ ಆ ಹೆಸರು ಮೊದಲು ತೊದಲಿತು, ಆಮೇಲೆ ಗಟ್ಟಿಯಾಯಿತು, ಆಮೇಲೆ ಬೀದಿಗೆ ಕೇಳಿಸುವಷ್ಟಾಯಿತು. "ತಿಪ್ಪಾ... ತಿಪ್ಪಾ... ನನ್ ತಿಪ್ಪಾ, ನೋಡ್ಲಾ ಇತ್ಲಾಗೆ!"

ಅವನು ಬಾಗಿಲಲ್ಲೇ ನಿಂತ. ಅಷ್ಟು ಅಕ್ಕರೆಯಿಂದ ಆ ಹೆಸರನ್ನು ಯಾರಾದರೂ ಕರೆದದ್ದು ಅವನಿಗೆ ನೆನಪಿರಲಿಲ್ಲ. ಓ ಎನ್ನಲು ಬಾಯಿ ತಾನಾಗಿ ತೆರೆಯಿತು. ತುಟಿ ಕಚ್ಚಿ ಮುಚ್ಚಿಕೊಂಡ. ಪಕ್ಕದಲ್ಲಿ ಬೆಟ್ಟಮ್ಮ ಅವನ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಜಯಲಕ್ಷ್ಮಮ್ಮ ಮತ್ತೆ ಕರೆದಳು. ಕೂಸು ಕಣ್ಣು ಬಿಟ್ಟು, ಕತ್ತು ಹೊರಳಿಸಿ, ಸಣ್ಣಗೆ ಅಳತೊಡಗಿತು.