ಎಡ ಮೊಣಕಾಲಿನ ಸಾಕ್ಷಿ

"ಮೇಷ್ಟ್ರೇ, ಸೈಕಲ್ ಏನೂ ಖರಾಬ್ ಆಗಿಲ್ಲ. ಖರಾಬ್ ಆಗಿರೋದು ನೀವು!"

ದುರ್ಗಿಗುಡಿಯ ಸೈಕಲ್ ರಿಪೇರಿಯ ಬಾಷಾ ಸಾಹೇಬರು ಹೀಗೆಂದಾಗ ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ನಕ್ಕರು. ನಾನು ನಗಲಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನಿಗೆ ನೀನು ಕೆಟ್ಟಿದ್ದೀಯ ಎಂದರೆ ಆತ ಮೊದಲು ಕೇಳುವುದು ಆಧಾರ. ಕೇಳಿದೆ.

ನನ್ನ ದೂರು ಸರಳ. ಸೈಕಲ್ಲು ಎಡಕ್ಕೆ ಎಳೆಯುತ್ತದೆ. ಎಡ ಮೊಣಕಾಲು ನೋಯುತ್ತದೆ. ಒಂದೇ ತಿಂಗಳಲ್ಲಿ ಇದು ಮೂರನೆಯ ಸಲ. ಸಾಹೇಬರು ಫೋರ್ಕ್ ನೋಡಿದ್ದರು, ಚಕ್ರದ ಕಡ್ಡಿ ಬಿಗಿದಿದ್ದರು. ಈ ಸಲ ಮಾತ್ರ ನನ್ನನ್ನೇ ಹತ್ತಿಸಿ, ಬೀದಿದೀಪದ ಕಂಬದ ತನಕ ಓಡಿಸಿ, ಬಾಗಿಲಲ್ಲಿ ನಿಂತು ನೋಡಿದರು.

"ಎಡ ಮೊಣಕಾಲು ಹೊರಕ್ಕೆ ಚಾಚಿ ತುಳೀತೀರಲ್ಲ! ಮುಂದೆ ಬಾರ್ ಮೇಲೆ ಯಾರೋ ಕೂತಿರೋ ಹಂಗೆ. ಯಾರನ್ನ ಕೂರಿಸ್ಕೊಂಡು ಹೋಗ್ತಿದ್ರಿ?"

ಸಾಹೇಬರು ನನ್ನ ಮುಖ ನೋಡಿದರು. "ಮಾಫ್ ಮಾಡಿ ಮೇಷ್ಟ್ರೇ" ಎಂದು ತಲೆ ತಗ್ಗಿಸಿ, ಒರೆಸಿದ್ದ ಸೀಟನ್ನೇ ಮತ್ತೆ ಒರೆಸತೊಡಗಿದರು.

ಕೂರಿಸಿಕೊಂಡು ಹೋಗುತ್ತಿದ್ದುದು ಮಗಳನ್ನು. ಉಮಾ. ಆರು ವರ್ಷದವಳು. ದಿನವೂ ಶಾಲೆಗೆ. ಆರು ತಿಂಗಳ ಹಿಂದೆ ಜ್ವರ ಬಂತು, ಹೋದಳು. (ಇದಕ್ಕಿಂತ ಉದ್ದದ ವಾಕ್ಯ ಇನ್ನೂ ನನ್ನಿಂದಾಗುವುದಿಲ್ಲ.)

ಅಷ್ಟೇ ಆಗಿದ್ದರೆ ಈ ವಾರದ ಅಂಕಣದಲ್ಲಿ ಬೇರೇನಾದರೂ ಬರೆಯುತ್ತಿದ್ದೆ. ಆದರೆ ಮೂರು ತಿಂಗಳ ಹಿಂದೆ ಹೆಂಡತಿ ಜಾನಕಿ ಊಟ ಬಡಿಸುತ್ತ ಕೇಳಿದಳು: "ರೀ, ಮಗು ಬಾರ್ ಮೇಲೆ ಯಾವ ಕಡೆಗೆ ಕಾಲು ಇಳಿಬಿಟ್ಕೊಂಡು ಕೂರ್ತಿದ್ಲು?"

ಯೋಚಿಸಿದೆ. ಎಡಕ್ಕೆ? ಚಿತ್ರ ಬಂತು. ಬಲಕ್ಕೆ? ಅದೂ ಬಂತು, ಅಷ್ಟೇ ಸ್ಪಷ್ಟವಾಗಿ! ಎರಡರಲ್ಲೂ ಅದೇ ಫ್ರಾಕು, ಅದೇ ರಿಬ್ಬನ್ನು. ಯಾವುದು ನೆನಪು, ಯಾವುದು ನಾನೇ ಕಟ್ಟಿಕೊಂಡದ್ದು? ಸುಳ್ಳು ಹೇಳಲಾರದೆ "ನೆನಪಿಲ್ಲ" ಎಂದೆ.

ಅವಳು ಬಡಿಸುವುದನ್ನು ಮುಗಿಸಿ ಒಳಗೆ ಹೋದಳು. ಮರುದಿನ ಭದ್ರಾವತಿಗೆ, ಓಲ್ಡ್ ಟೌನಿನಲ್ಲಿರುವ ಅಣ್ಣನ ಮನೆಗೆ ಹೊರಟುಹೋದಳು. ನಾನು ಬರೆದ ಎರಡು ಕಾಗದಕ್ಕೂ ಉತ್ತರವಿಲ್ಲ. ಮಗಳನ್ನೇ ಮರೆತ ಅಪ್ಪನ ಜೊತೆ ಯಾರು ಬಾಳುತ್ತಾರೆ, ಹೇಳಿ? ಅವಳು ಇನ್ನು ಬರುವುದಿಲ್ಲವೆಂದೇ ಹೆದರಿದ್ದೆ.

ಸಾಹೇಬರ ಅಂಗಡಿಯಿಂದ ಹೊರಟವನು ಮನೆಗೆ ಹೋಗಲಿಲ್ಲ. ಮೊಣಕಾಲು ಎಡಕ್ಕೆ ಚಾಚುತ್ತದೆ ಎಂದರೆ ಉಮಾಳ ಕಾಲು ಎಡಕ್ಕೇ ಇದ್ದಿರಬೇಕು. ಆದರೆ ಅನುಮಾನ ನನ್ನ ಕಸುಬು. ಮಗು ಬಲಕ್ಕೆ ಕಾಲು ಬಿಟ್ಟಿದ್ದರೂ, ಅವಳ ಬೆನ್ನಿಗೆ ತಾಗಬಾರದೆಂದು ನನ್ನ ಎಡ ಮೊಣಕಾಲು ಹೊರಕ್ಕೆ ಹೋಗಬಹುದಲ್ಲ? ಒಂದು ಸಾಕ್ಷಿ ಸಾಲದು. ಹೊಳೆಯ ಕಡೆಯ ಖಾಲಿ ರಸ್ತೆಯಲ್ಲಿ ನಿಧಾನವಾಗಿ ತುಳಿದೆ. ಏನನ್ನೂ ನೆನೆಯಲು ಹೋಗಲಿಲ್ಲ. ಮೈ ಏನು ಮಾಡುತ್ತದೆ ಎಂಬುದನ್ನಷ್ಟೇ ಗಮನಿಸಿದೆ.

ಗದ್ದ ತಾನಾಗಿ ಮೇಲೆದ್ದಿತ್ತು, ಕೆಳಗೊಂದು ಎಣ್ಣೆ ಹಚ್ಚಿದ ತಲೆ ಇದ್ದಂತೆ. ಎಡತೋಳು ಸಡಿಲ. ಬಲತೋಳು ಮಾತ್ರ ಕೊಂಚ ಬಾಗಿ ಬಿಗಿದುಕೊಂಡಿತ್ತು. ಯಾಕೆ? ಒರಗಿದ ಬೆನ್ನನ್ನು ತಡೆಯಲು! ಬೆನ್ನು ಬಲಕ್ಕೆ ಅಂದರೆ ಕಾಲು ಎಡಕ್ಕೆ.

ಇಳಿದೆ. ಸೈಕಲ್ ಹಿಡಿದುಕೊಂಡು ರಸ್ತೆಯ ಪಕ್ಕದಲ್ಲೇ ಅತ್ತೆ. ಐದು ತಿಂಗಳಲ್ಲಿ ಮೊದಲ ಸಲ. (ಹಾದುಹೋದ ಎತ್ತಿನ ಗಾಡಿಯವನು "ಬಿದ್ರಾ ಸ್ವಾಮಿ?" ಎಂದು ಕೇಳಿದ. ಹೌದೆಂದೆ.)

ಭಾನುವಾರ ಭದ್ರಾವತಿಗೆ ಸೈಕಲ್ಲಿನಲ್ಲೇ ಹೋದೆ. ಬಾಗಿಲು ತೆಗೆದವಳು ಜಾನಕಿಯೇ. ಕುಡಿಯಲು ನೀರು ಕೇಳುವ ಮೊದಲೇ "ಎಡಕ್ಕೆ" ಎಂದೆ.

ಅವಳು ಬಾಗಿಲು ಹಿಡಿದುಕೊಂಡಳು. "ಖಂಡಿತಾನಾ?"

"ನೀನೇ ಹೇಳು. ನಿನಗೆ ಗೊತ್ತಲ್ಲ."

"ನಂಗೆಲ್ಲಿ ಗೊತ್ತಿತ್ತು ರೀ? ದಿನಾ ಬಾಗಿಲಲ್ಲಿ ನಿಂತು ಟಾಟಾ ಮಾಡ್ತಿದ್ದೋಳು, ನಂಗೇ ಮರೆತುಹೋಗಿತ್ತು. ಅದಕ್ಕೇ ಕೇಳಿದ್ದು. ನೀವೂ ನೆನಪಿಲ್ಲ ಅಂದ್ರಿ. ಇಬ್ರೂ ಮರೆತ ಮೇಲೆ ಆ ಮನೇಲಿ ಅವಳು ಎಲ್ಲಿರ್ತಾಳೆ? ಹೆದರ್ಕೊಂಡು ಬಂದುಬಿಟ್ಟೆ."

ನಾನು ಕೋಪವೆಂದುಕೊಂಡದ್ದು ಭಯ! ತರ್ಕದ ಮೇಷ್ಟ್ರಿಗೆ ಎರಡು ತಿಂಗಳಾದರೂ ಅದು ಹೊಳೆಯಲಿಲ್ಲ.

"ಓಡ್ಸಿ ತೋರ್ಸಿ" ಎಂದಳು. ಬೀದಿಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಡಿಸಿದೆ. ಎದುರುಮನೆಯ ಅಜ್ಜಿ ಕೂಗಿದರು: "ಏನ್ ಮಾರಾಯ್ತಿ, ಗಂಡಂಗೆ ಈಗ ಸೈಕಲ್ ಕಲಿಸ್ತಿದೀಯಾ?"

ಜಾನಕಿಯ ಕಣ್ಣೆಲ್ಲ ನನ್ನ ಮೊಣಕಾಲಿನ ಮೇಲಿತ್ತು. ಸಂಜೆಯ ಬಸ್ಸಿಗೆ ಟ್ರಂಕು ತಾನೇ ಎತ್ತಿಕೊಂಡು ಬಂದಳು.

ಈಗ ದಿನವೂ ನಾನು ಕಾಲೇಜಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ನೋಡುತ್ತಾಳೆ. ನೋಡಿ, ಸಮಾಧಾನದಿಂದ ಒಳಗೆ ಹೋಗುತ್ತಾಳೆ. ಇಬ್ಬರಿಗೂ ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ಆದರೆ ಕಳೆದ ವಾರದಿಂದ ನನ್ನ ಮೊಣಕಾಲು ನೋಯುತ್ತಿಲ್ಲ. ತಾನಾಗಿಯೇ ಒಳಕ್ಕೆ ಬರತೊಡಗಿದೆ. ಬೀದಿಯ ತಿರುವಿನ ತನಕ ಅದನ್ನು ಬೇಕೆಂದೇ ಹೊರಕ್ಕೆ ಚಾಚಿ ತುಳಿಯುತ್ತೇನೆ.

ಅದು ಈಗಲೂ ತಾನಾಗಿಯೇ ಚಾಚುತ್ತದೆಯೇ ಎಂದು ಎಂದಾದರೂ ಅವಳು ಕೇಳಿದರೆ, ಈ ಸಲವೂ ನಿಜ ಹೇಳಬೇಕೇ?